ಬೀದರದ ಗುಮ್ಮಟಗಳೂ ವಿಶಾಲಕೋನ ಛಾಯಾಚಿತ್ರದ ವಕ್ರತೆಯೂ

ಛಾಯಾಚಿತ್ರವು ವಸ್ತುವನ್ನು ಇದ್ದಂತೆಯೇ ಹಿಡಿದಿಡುತ್ತದೆಂಬ ನಂಬಿಕೆ ಲೋಕರೂಢಿಯಾದುದು. ಚಿತ್ರಕಾರನ ಕುಂಚ ತಪ್ಪಬಹುದು, ಕಥನಕಾರನ ನಾಲಗೆ ತಪ್ಪಬಹುದು, ಆದರೆ ಯಂತ್ರದ ಕಣ್ಣಿಗೆ ರಾಗದ್ವೇಷಗಳಿಲ್ಲವೆಂಬುದು ಈ ನಂಬಿಕೆಯ ಬುಡ. ಆದರೂ ಬೀದರದ ಸ್ಮಾರಕಗಳನ್ನು ಕುರಿತು ಈಚೆಗೆ ಪ್ರಕಟವಾಗುತ್ತಿರುವ ಚಿತ್ರಗಳನ್ನು ನೋಡಿದವರಿಗೆ ಒಂದು ಸಂದೇಹ ಮೂಡದಿರದು. ನೆಟ್ಟಗೆ ನಿಂತ ಮಿನಾರು ಚಿತ್ರದಲ್ಲಿ ಹಿಂದಕ್ಕೆ ವಾಲಿದೆ. ನೇರವಾದ ಗೋಡೆ ಬಿಲ್ಲಿನಂತೆ ಬಾಗಿದೆ. ಸಾಲಿನ ಕೊನೆಯ ಗುಮ್ಮಟ ಮೊಟ್ಟೆಯ ಆಕಾರವನ್ನು ತಾಳಿದೆ. ಭಾಲ್ಕಿಯ ಸಮಾರಂಭವೊಂದರ ಗುಂಪುಚಿತ್ರವಾದರೆ, ನಡುವೆ ಕುಳಿತವರು ಸಹಜವಾಗಿದ್ದು ಅಂಚಿನಲ್ಲಿರುವವರು ವಿನಾಕಾರಣ ಸ್ಥೂಲರಾಗಿದ್ದಾರೆ. ನೋಡುಗನು ಇವೆಲ್ಲವನ್ನೂ ‘ಕ್ಯಾಮೆರಾದ ದೋಷ’ವೆಂಬ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾನೆ. ವಸ್ತುತಃ ಇವು ಒಂದೇ ಬಗೆಯ ದೋಷಗಳಲ್ಲ. ಇವುಗಳಲ್ಲಿ ಕೆಲವು ದೋಷಗಳೇ ಅಲ್ಲ.

ಇದು ಕೇವಲ ಅಂದಚೆಂದದ ಪ್ರಶ್ನೆಯಾಗಿದ್ದರೆ ಇಷ್ಟು ವಿಸ್ತರಿಸಬೇಕಾದುದಿರಲಿಲ್ಲ. 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸಾದ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು. 1696ರ ಸ್ಫೋಟದ ತರುವಾಯ ಉಳಿದಿರುವುದು ಒಂದು. ಬಿದ್ದುಹೋದುದರ ಚಿತ್ರ ಯಾರ ಬಳಿಯಲ್ಲಿಯೂ ಇರಲು ಸಾಧ್ಯವಿಲ್ಲ. ಅಷ್ಟೂರಿನ ಹುಮಾಯೂನ್ ಷಾನ ಸಮಾಧಿಯ ಗುಮ್ಮಟ ಸೀಳಿ ಅರ್ಧ ಕುಸಿದಿದೆ. ಜೇಮ್ಸ್ ಬರ್ಜೆಸ್ 1878ರಲ್ಲಿ ಪ್ರಕಟಿಸಿದ ವರದಿ, ಗುಲಾಮ್ ಯಾಜ್ದಾನಿಯವರು 1947ರಲ್ಲಿ ಹೊರತಂದ ಬೀದರದ ಬೃಹದ್ಗ್ರಂಥ ಇವುಗಳನ್ನು ಇಂದಿಗೂ ವಿದ್ವಾಂಸರು ತೆರೆಯುವುದು, ಆಗ ಇದ್ದು ಈಗ ಮಾಸಿದ ಅಥವಾ ಬಿದ್ದುಹೋದ ವಿವರಗಳಿಗಾಗಿ. ವಸ್ತು ಅಳಿದ ಮೇಲೆ ಚಿತ್ರವೇ ಸಾಕ್ಷಿ. ಸಾಕ್ಷಿಯ ಮಾತಿನಲ್ಲಿ ಎಷ್ಟು ಭಾಗ ವಸ್ತುವಿನದು, ಎಷ್ಟು ಭಾಗ ಗಾಜಿನದು ಎಂಬುದು ಗೊತ್ತಿರಬೇಕಾಗುತ್ತದೆ.

ಮೊದಲು ಗಾಜಿನ ತಪ್ಪನ್ನು ನೋಡೋಣ, ಅದು ಸುಲಭ. ಅಗ್ಗದ ವಿಶಾಲಕೋನ ಮಸೂರಗಳಲ್ಲಿ ಚಿತ್ರದ ಅಂಚಿನ ನೇರಗೆರೆಗಳು ಪೀಪಾಯಿಯ ಹಲಗೆಗಳಂತೆ ಹೊರಕ್ಕೆ ಉಬ್ಬುತ್ತವೆ. ದೂರವನ್ನು ಹತ್ತಿರಕ್ಕೆ ತರುವ ಮಸೂರಗಳಲ್ಲಿ ಅನೇಕ ವೇಳೆ ಒಳಕ್ಕೆ ಬಾಗುತ್ತವೆ. ಮಸೂರದ ವರ್ಧನಶಕ್ತಿಯು ನಡುವಿನಿಂದ ಅಂಚಿಗೆ ಸಮವಾಗಿರದುದೇ ಇದಕ್ಕೆ ಕಾರಣ. ಡ್ವೇನ್ ಬ್ರೌನ್ ಎಂಬ ಅಮೆರಿಕದ ತಜ್ಞನು 1971ರಲ್ಲಿ ಪ್ರಕಟಿಸಿದ ಪರೀಕ್ಷಾಕ್ರಮ ನಮ್ಮ ಗಾರೆಕೆಲಸದವರಿಗೆ ಆಪ್ತವೆನಿಸುವಂಥದು: ಗೋಡೆ ನೆಟ್ಟಗಿದೆಯೇ ಎಂದು ನೋಡಲು ಅವರು ಬಳಸುವ ತೂಗುಗುಂಡಿನ ದಾರವನ್ನೇ ಆತನೂ ಬಳಸಿದನು. ಗುಂಡು ಕಟ್ಟಿ ಇಳಿಬಿಟ್ಟ ದಾರ ನೇರವಾಗಿಯೇ ಇರಬೇಕು; ಚಿತ್ರದಲ್ಲಿ ಅದು ಎಷ್ಟು ಬಾಗಿದೆಯೋ ಅಷ್ಟು ಮಸೂರದ ತಪ್ಪು. ತಪ್ಪಿನ ಪ್ರಮಾಣ ತಿಳಿದರೆ ಅದನ್ನು ಲೆಕ್ಕದಿಂದ ಹಿಂದಿರುಗಿಸಬಹುದು. ಇಂದಿನ ಗಣಕ ತಂತ್ರಾಂಶಗಳು ಮಸೂರದ ಹೆಸರನ್ನು ಗುರುತಿಸಿ ಈ ತಿದ್ದುಪಡಿಯನ್ನು ತಾವಾಗಿ ಮಾಡುತ್ತವೆ. ಮೊಬೈಲ್ ಫೋನುಗಳು ತೆಗೆದವನಿಗೆ ತಿಳಿಸದೆಯೇ ಮಾಡುತ್ತವೆ. ಇಲ್ಲಿಗೆ ಗಾಜಿನ ಅಪರಾಧ ಮುಗಿಯಿತು.

ಆದರೆ ಚಿತ್ರದ ವಕ್ರತೆ ಇಲ್ಲಿಗೆ ಮುಗಿಯುವುದಿಲ್ಲ. ಯಾವ ದೋಷವೂ ಇಲ್ಲದ, ನೇರಗೆರೆಯನ್ನು ಕೂದಲೆಳೆಯಷ್ಟೂ ಬಾಗಿಸದ ಮಸೂರವನ್ನು ತಂದು ಬೀದರ ಕೋಟೆಯೊಳಗಿನ ಸೋಲಾ ಖಂಬ ಮಸೀದಿಯ ಎದುರಿಗಿಟ್ಟರೂ ಅಂಚಿನ ದುಂಡುಕಂಬಗಳು ನಡುವಿನವುಗಳಿಗಿಂತ ದಪ್ಪವಾಗಿಯೇ ಬರುತ್ತವೆ. ಕಾರಣವಿಷ್ಟು. ಚಿತ್ರದ ಫಲಕ ಚಪ್ಪಟೆಯಾದುದು. ಎದುರಿನಿಂದ ಬಂದ ಬೆಳಕಿನ ಕಿರಣ ಅದಕ್ಕೆ ನೆಟ್ಟಗೆ ಬಡಿಯುತ್ತದೆ. ಪಕ್ಕದಿಂದ ಬಂದ ಕಿರಣ ಓರೆಯಾಗಿ ಬಡಿಯುತ್ತದೆ. ಸಂಜೆಯ ಓರೆಬಿಸಿಲಿನಲ್ಲಿ ಮನುಷ್ಯನ ನೆರಳು ಉದ್ದವಾಗುವಂತೆ ಅಂಚಿನ ಬಿಂಬವೂ ಹೊರದಿಕ್ಕಿಗೆ ಹಿಗ್ಗುತ್ತದೆ. 36 ಮಿ.ಮೀ. ಅಗಲದ ಫಲಕಕ್ಕೆ 24 ಮಿ.ಮೀ. ನಾಭಿದೂರದ ಮಸೂರ ಜೋಡಿಸಿದಾಗ, ಅಂಚಿನಲ್ಲಿರುವ ಗೋಲವೊಂದು 4 ಪಾಲು ಎತ್ತರಕ್ಕೆ 5 ಪಾಲು ಅಗಲವಾಗಿ ಮೂಡುತ್ತದೆ. 50 ಮಿ.ಮೀ. ಮಸೂರದಲ್ಲಿ ಈ ಹಿಗ್ಗು ನೂರಕ್ಕೆ 6ರಷ್ಟು ಮಾತ್ರ. ಆದುದರಿಂದ ಕಣ್ಣಿಗೆ ಬೀಳುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಕ್ಯಾಮೆರಾಕ್ಕೆ ಎದುರುಮುಖವಾಗಿ ನಿಂತ ಬಂಡಿಯ ಗಾಲಿ ಚಿತ್ರದ ಅಂಚಿನಲ್ಲಿದ್ದರೂ ದುಂಡಾಗಿಯೇ ಉಳಿಯುತ್ತದೆ; ಅದೇ ಬಂಡಿಯ ಮೇಲಿನ ಕುಂಬಳಕಾಯಿ ಮಾತ್ರ ಮೊಟ್ಟೆಯಾಗುತ್ತದೆ. ಫಲಕಕ್ಕೆ ಸಮಾಂತರವಾದ ಚಪ್ಪಟೆ ಆಕೃತಿಗೆ ಅಪಾಯವಿಲ್ಲ. ಗಾತ್ರವುಳ್ಳ ವಸ್ತುವಿಗೆ ಮಾತ್ರ ಈ ಬಾಧೆ. ಸಾಮೂಹಿಕ ಇಷ್ಟಲಿಂಗ ಪೂಜೆಯ ವಿಶಾಲಚಿತ್ರಗಳಲ್ಲಿ ನಡುವಿನ ಭಕ್ತರ ಅಂಗೈಯ ಲಿಂಗ ದುಂಡಗಿದ್ದು ಎರಡು ಕೊನೆಗಳಲ್ಲಿ ಅಂಡಾಕಾರವಾಗಿ ಕಾಣುವುದು ಈ ಕಾರಣದಿಂದ. ಸಮಾಧಿಯ ಮುಖಗೋಡೆಯ ಕಮಾನು ತನ್ನ ಪ್ರಮಾಣವನ್ನು ಉಳಿಸಿಕೊಂಡಿರುವಾಗ ಅದರ ಮೇಲಿನ ಗುಮ್ಮಟ ಪಕ್ಕಕ್ಕೆ ಎಳೆದಂತಿರುವುದೂ ಇದರಿಂದಲೇ.

ಇದನ್ನು ತಪ್ಪೆನ್ನಬಹುದೇ? ಆ 24 ಮಿ.ಮೀ. ಚಿತ್ರವನ್ನು 12 ಅಂಗುಲ ಅಗಲಕ್ಕೆ ಮುದ್ರಿಸಿ, ಅದರ ನಡುವಿಗೆ ನೇರವಾಗಿ 8 ಅಂಗುಲ ದೂರದಲ್ಲಿ ಒಂದು ಕಣ್ಣನ್ನಿಟ್ಟು ನೋಡಿದರೆ ಮೊಟ್ಟೆ ಮತ್ತೆ ಗೋಲವಾಗುತ್ತದೆ. ಓರೆಯಾಗಿ ಹಿಗ್ಗಿದುದನ್ನು ಕಣ್ಣೂ ಓರೆಯಾಗಿಯೇ ನೋಡುವುದರಿಂದ ಲೆಕ್ಕ ಸರಿಹೋಗುತ್ತದೆ. ಯಾರೂ ಪತ್ರಿಕೆಯನ್ನು ಹಾಗೆ ಮೂಗಿಗೆ ಹಿಡಿದು ಓದುವುದಿಲ್ಲವಷ್ಟೆ. ಆದುದರಿಂದ ಈ ವಕ್ರತೆ ಚಿತ್ರದಲ್ಲಿರುವುದಕ್ಕಿಂತ ಚಿತ್ರಕ್ಕೂ ನೋಡುಗನಿಗೂ ನಡುವಣ ಅಂತರದಲ್ಲಿದೆ ಎನ್ನುವುದು ಹೆಚ್ಚು ಯುಕ್ತ.

ದೃಷ್ಟಿ ಸುತ್ತಲೂ ಹರಡಿದ ಗೋಲದಂತೆ, ಕಾಗದ ಚಪ್ಪಟೆ. ಬೋರಲು ಹಾಕಿದ ಕೊಡದ ಮೇಲೆ ಒದ್ದೆ ಕಾಗದವನ್ನು ಹೊದಿಸಿದರೆ ಎಲ್ಲಿಯಾದರೂ ಸುಕ್ಕುಗಟ್ಟುತ್ತದೆ, ಇಲ್ಲವೆ ಹರಿಯುತ್ತದೆ. ಗೋಲದ ಮೈಯನ್ನು ಅಳತೆಗೆಡದಂತೆ ಚಪ್ಪಟೆಗೆ ಇಳಿಸುವುದು ಎಂದಿಗೂ ಸಾಧ್ಯವಿಲ್ಲವೆಂದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿಯೇ ಸಾಧಿಸಿ ತೋರಿಸಿದನು. ಭೂಪಟ ತಯಾರಿಸುವವರಿಗೆ ಈ ಸಂಗತಿ ಹಳೆಯದು. ಛಾಯಾಗ್ರಾಹಕರಿಗೆ ಅದು ತಡವಾಗಿ ಅನುಭವಕ್ಕೆ ಬಂದುದು ವಿಶಾಲದೃಶ್ಯಗಳು ಅಗ್ಗವಾದ ಮೇಲೆ. ವಕ್ರತೆಯನ್ನು ಕಳೆಯಲು ಬರುವುದಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಲು ಬರುತ್ತದೆ.

ಸೋಲಾ ಖಂಬ ಮಸೀದಿಯೇ ಇದಕ್ಕೆ ಒಳ್ಳೆಯ ನಿದರ್ಶನ. 1423-24ರ ಈ ಕಟ್ಟಡದ ಉದ್ದ ಸುಮಾರು 300 ಅಡಿ. ಅದರ ನಡುಮಧ್ಯಕ್ಕೆ ಎದುರಾಗಿ 60 ಅಡಿ ದೂರದಲ್ಲಿ ನಿಂತು ಇಡೀ ಮುಖವನ್ನು ಒಂದೇ ಚಿತ್ರದಲ್ಲಿ ಹಿಡಿಯಬೇಕೆನ್ನೋಣ. ಕ್ಯಾಮೆರಾವನ್ನು ನಿಂತಲ್ಲೇ ತಿರುಗಿಸುತ್ತ ಹಲವು ಚಿತ್ರಗಳನ್ನು ತೆಗೆದು, ಅವನ್ನು ಒಂದು ಉರುಳೆಯ ಒಳಮೈಗೆ ಅಂಟಿಸಿ ಬಿಚ್ಚಿದಂತೆ ಜೋಡಿಸುವುದು ಒಂದು ಕ್ರಮ. ಇದರಲ್ಲಿ ಕಂಬಗಳು ನೆಟ್ಟಗೆ ನಿಲ್ಲುತ್ತವೆ, ಅವುಗಳ ದಪ್ಪಕ್ಕೂ ಎತ್ತರಕ್ಕೂ ಇರುವ ಪ್ರಮಾಣ ಕೆಡುವುದಿಲ್ಲ; ಆದರೆ ಕೊನೆಯ ಕಂಬ ನಡುವಿನದಕ್ಕಿಂತ 2.7 ಪಟ್ಟು ದೂರದಲ್ಲಿರುವುದರಿಂದ ಅದರ ಎತ್ತರ ಅಷ್ಟರಮಟ್ಟಿಗೆ ಕುಗ್ಗಿ, ನೇರವಾದ ಸೂರಿನ ಗೆರೆ ಬಿಲ್ಲಾಗುತ್ತದೆ. ಅದೇ ಬಿಡಿಚಿತ್ರಗಳನ್ನು ಚಪ್ಪಟೆ ಫಲಕಕ್ಕೆ ಇಳಿಸಿದರೆ ಸೂರು ಸರಳರೇಖೆಯಾಗುತ್ತದೆ, ಎಲ್ಲ ಕಂಬಗಳೂ ಸಮ ಎತ್ತರಕ್ಕೆ ಬರುತ್ತವೆ; ಆದರೆ ಕೊನೆಯ ದುಂಡುಕಂಬ ದಪ್ಪದಲ್ಲಿ 2.7 ಪಟ್ಟು ಉಬ್ಬುತ್ತದೆ. ಎರಡೂ ಕಡೆ ಬಂದುದು ಅದೇ ಸಂಖ್ಯೆ. ಸಾಲವನ್ನು ಎತ್ತರದ ಖಾತೆಯಿಂದ ದಪ್ಪದ ಖಾತೆಗೆ ವರ್ಗಾಯಿಸಿದಂತಾಯಿತು, ತೀರಿಸಿದಂತಾಗಲಿಲ್ಲ.

ಇವೆರಡರ ನಡುವೆ ಸಂಧಾನವೂ ಉಂಟು. ಹದಿನೆಂಟನೆಯ ಶತಮಾನದಲ್ಲಿ ರೋಮಿನ ಭವ್ಯ ಒಳಾಂಗಣಗಳನ್ನು ಬಿಡಿಸಿದ ಪನೀನಿ ಎಂಬ ಚಿತ್ರಕಾರನ ಹೆಸರಿನಿಂದ ಕರೆಯುವ ಪ್ರಕ್ಷೇಪವೊಂದು ಈ ಶತಮಾನದ ಮೊದಲ ದಶಕದ ಕೊನೆಗೆ ಬಳಕೆಗೆ ಬಂದಿತು. ಅದರಲ್ಲಿ ಲಂಬಗೆರೆಗಳೂ, ದೂರದ ನಡುಬಿಂದುವಿಗೆ ಸಾಗುವ ಗೆರೆಗಳೂ ನೇರವಾಗಿರುತ್ತವೆ. ಅಡ್ಡಗೆರೆಗಳು ಮಾತ್ರ ತುಸು ಬಾಗುತ್ತವೆ. ಉದ್ದನೆಯ ಪಡಸಾಲೆಯನ್ನೋ ಕಂಬಸಾಲನ್ನೋ ಒಂದು ತುದಿಯಿಂದ ನೋಡುವ ಚಿತ್ರಕ್ಕೆ ಇದಕ್ಕಿಂತ ಹಿತವಾದುದು ಇಲ್ಲ. ಮುಖಗೋಡೆಯನ್ನು ಎದುರಿನಿಂದ ತೆಗೆಯುವಾಗ ಇದರ ಪ್ರಯೋಜನ ಕಡಿಮೆ.

ಪಟ್ಟಣದ ನಡುವೆ ನಾಲ್ಕು ದಾರಿಗಳು ಕೂಡುವೆಡೆ ನಿಂತಿರುವ ಚೌಬಾರಾ 71 ಅಡಿ ಎತ್ತರದ ದುಂಡುಬುರುಜು. ಅಂಥ ಎತ್ತರದ ಬಿಂದುವಿನಿಂದ ಸುತ್ತಲೂ ನೋಡುವ ದೃಶ್ಯಕ್ಕೆ ಉರುಳೆಯ ಪ್ರಕ್ಷೇಪವೇ ಸಹಜ. ಆದರೆ ಅಲ್ಲಿ ನೋಡುಗನು ಎಚ್ಚರದಿಂದಿರಬೇಕು: ಬುಡದಿಂದ ನೇರವಾಗಿ ದೂರ ಸಾಗುವ ದಾರಿಯ ನಡುಗೆರೆ ಮಾತ್ರ ಚಿತ್ರದಲ್ಲಿ ನೆಟ್ಟಗಿರುತ್ತದೆ, ಇಕ್ಕೆಲದ ಅಂಗಡಿಗಳ ಸಾಲು ಬಾಗುತ್ತದೆ. ಅಂಥ ಚಿತ್ರವನ್ನು ನೋಡಿ ಬೀದಿಗಳು ಡೊಂಕಾಗಿದ್ದವೆಂದು ಮುಂದೊಬ್ಬರು ಬರೆಯಲಾರರೆಂಬ ಭರವಸೆಯೇನೂ ಇಲ್ಲ.

ಔರಾದದ ಕಡೆಗೆ ಹೋದರೆ ಸಮಸ್ಯೆ ಇನ್ನೊಂದು ರೂಪ ತಾಳುತ್ತದೆ. ಕರ್ನಾಟಕದ ಉತ್ತರದ ತುತ್ತತುದಿಯ ಆ ಬಯಲಿನಲ್ಲಿ ಕಣ್ಣಿಗೆ ಆನಿಕೆಯಾಗಿ ಗೋಡೆಯಿಲ್ಲ, ಕಂಬವಿಲ್ಲ. ಇರುವುದು ದಿಗಂತದ ಒಂದು ಗೆರೆ. ಕ್ಯಾಮೆರಾ ಸಮಮಟ್ಟದಲ್ಲಿದ್ದು ನೆಟ್ಟನೆಯ ಅಚ್ಚಿನ ಮೇಲೆ ತಿರುಗಿದರೆ ಆ ಗೆರೆ ನೇರವಾಗಿ ಬರುತ್ತದೆ. ಅಚ್ಚು ಸ್ವಲ್ಪ ವಾಲಿದ್ದರೂ ಹೊಲಗಳು ಅಲೆಯಂತೆ ಏರಿಳಿಯತೊಡಗುತ್ತವೆ, ಸಮಬಯಲು ಗುಡ್ಡಗಾಡಾಗುತ್ತದೆ. ಮುಕ್ಕಾಲಿಯ ಮೇಲಣ ನೀರ್ಗುಳ್ಳೆಯ ಮಟ್ಟಕ್ಕೆ ಅರ್ಧ ನಿಮಿಷ ಗಮನ ಕೊಟ್ಟರೆ ಗಣಕದ ಮುಂದಣ ಅರ್ಧ ದಿನದ ಶ್ರಮ ತಪ್ಪುತ್ತದೆ.

ತಿರುಗಿಸುವಾಗ ಇನ್ನೊಂದು ನಿಯಮವನ್ನು ಪಾಲಿಸಬೇಕಾಗುತ್ತದೆ. ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜಿಗಿಯುತ್ತದೆ. ಕ್ಯಾಮೆರಾ ತಿರುಗುವಾಗ ಮಸೂರದ ಕಂಡಿ ತನ್ನ ಸ್ಥಾನದಿಂದ ಸರಿದರೂ ಹೀಗೆಯೇ ಆಗುತ್ತದೆ: ಹತ್ತಿರದ ಕಂಬ ಹಿಂದಿನ ಕಮಾನಿನ ಮೇಲೆ ಜಿಗಿದು ಜೋಡಣೆಯಲ್ಲಿ ಮುರಿದು ನಿಲ್ಲುತ್ತದೆ. ಆದುದರಿಂದ ಬೆಳಕು ಒಳಸೇರುವ ಕಂಡಿಯ ಬಿಂಬ ಮಸೂರದಲ್ಲಿ ಎಲ್ಲಿ ಕಾಣುವುದೋ ಆ ಬಿಂದುವಿನ ಮೇಲೆಯೇ ಕ್ಯಾಮೆರಾ ತಿರುಗತಕ್ಕದ್ದು. ಬಿಡಿಚಿತ್ರಗಳು ಒಂದರ ಮೇಲೊಂದು ಮೂರನೆಯ ಒಂದು ಪಾಲಿನಷ್ಟಾದರೂ ಹಾಯ್ದಿರಬೇಕು.

ಮದರಸಾದ ಉಳಿದ ಮಿನಾರಿನ ಎತ್ತರ 131 ಅಡಿ. ಅದರ ತುದಿಯನ್ನು ಹಿಡಿಯಲು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದೊಡನೆ ಫಲಕ ಮಿನಾರಿಗೆ ಸಮಾಂತರವಾಗಿ ಉಳಿಯುವುದಿಲ್ಲ. ಗೆರೆಗಳು ಮೇಲೆ ಕೂಡತೊಡಗಿ ಕಟ್ಟಡ ಹಿಂದಕ್ಕೆ ಬಿದ್ದಂತೆ ತೋರುತ್ತದೆ. ಕ್ಯಾಮೆರಾವನ್ನು ಮಟ್ಟವಾಗಿಯೇ ಇಟ್ಟು, 24 ಮಿ.ಮೀ. ಮಸೂರದೊಡನೆ ಉದ್ದನಾಗಿ ಹಿಡಿದು ತೆಗೆಯಬೇಕಾದರೆ ಸುಮಾರು 168 ಅಡಿ ಹಿಂದೆ ನಿಲ್ಲಬೇಕು. ಚಿತ್ರದ ಕೆಳಗಿನ ಅರ್ಧ ಬರಿಯ ನೆಲವಾಗಿದ್ದು ಅದನ್ನು ಕತ್ತರಿಸಿ ಬಿಡಬೇಕಾಗುತ್ತದೆ. ಹಿಂದಿನ ಕಾಲದ ದೊಡ್ಡ ಮರದ ಕ್ಯಾಮೆರಾಗಳಲ್ಲಿ ಫಲಕವನ್ನು ಅಲುಗಿಸದೆ ಮಸೂರವನ್ನಷ್ಟೇ ಮೇಲಕ್ಕೆ ಜರುಗಿಸುವ ಅನುಕೂಲವಿತ್ತು. ಕಪ್ಪುಬಟ್ಟೆಯೊಳಗೆ ತಲೆಯಿಟ್ಟು ತೆಗೆದ ಆ ಚಿತ್ರಗಳಲ್ಲಿ ಗೋಪುರಗಳು ನೆಟ್ಟಗಿರುವುದರ ಗುಟ್ಟು ಇದೇ. ಈಗ ಅಂಥ ಜರುಗುಮಸೂರಗಳು ಬೇರೆಯಾಗಿಯೇ ದೊರೆಯುತ್ತವೆ, ಬೆಲೆ ಹೆಚ್ಚು. ತೆಗೆದ ಮೇಲೆ ಗಣಕದಲ್ಲಿ ತಿದ್ದುವುದು ಸುಲಭವೆಂದು ಹೆಚ್ಚಿನವರು ಆ ದಾರಿಯನ್ನೇ ಹಿಡಿಯುತ್ತಾರೆ. ಆದರೆ ಹಾಗೆ ತಿದ್ದುವಾಗ ಮೇಲ್ಭಾಗ ಹಿಗ್ಗಿ ಸೂಕ್ಷ್ಮ ವಿವರ ತೆಳುವಾಗುತ್ತದೆ; ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣವೂ ಸುಳ್ಳಾಗಬಹುದು. ಅಳೆದ ಒಂದು ಸಂಖ್ಯೆಯೊಡನೆ ತಾಳೆನೋಡದೆ ಅಂಥ ಚಿತ್ರದಿಂದ ಪ್ರಮಾಣವನ್ನು ಹೇಳುವುದು ಸಾಹಸ.

ಅಷ್ಟೂರಿನ ಅಹ್ಮದ್ ಷಾ ವಲಿಯ ಸಮಾಧಿಗೆ ಈ ಚರ್ಚೆಯಲ್ಲಿ ವಿಶೇಷ ಸ್ಥಾನವಿದೆ. 1436ರಲ್ಲಿ ತೀರಿಕೊಂಡ ಈ ಸುಲ್ತಾನನನ್ನು ಅಲ್ಲಮಪ್ರಭುವಿನ ಸ್ವರೂಪವೆಂದು ಭಾವಿಸುವ ಭಕ್ತರು ಇಂದಿಗೂ ಇದ್ದಾರೆ. ವಸಂತದಲ್ಲಿ ಹಿಂದೂ ಪಂಚಾಂಗವನ್ನು ಅನುಸರಿಸಿ ನಡೆಯುವ ಅಲ್ಲಿಯ ಜಾತ್ರೆಗೆ ಕಲಬುರಗಿ ಸೀಮೆಯಿಂದ ಜಂಗಮರು ಬರುವ ಸಂಪ್ರದಾಯವಿದೆ. ಆ ಗುಮ್ಮಟದ ಒಳಮೈಯ ವರ್ಣಲೇಖನ ದಖ್ಖನಿನ ಅಪೂರ್ವ ನಿಧಿ. ಅದನ್ನು ತೆಗೆಯುವವರು ಸಾಮಾನ್ಯವಾಗಿ ಗೋಡೆಯ ಬದಿಯಲ್ಲಿ ನಿಂತು ಕ್ಯಾಮೆರಾವನ್ನು ಓರೆಯಾಗಿ ಎತ್ತುತ್ತಾರೆ. ಗುಮ್ಮಟದ ಬಳೆ ಅಂಡಾಕಾರವಾಗುತ್ತದೆ. ನಡುವೆ ಗೋರಿಯಿರುವುದರಿಂದ ಸರಿಯಾಗಿ ಕೇಂದ್ರದಲ್ಲಿ ಕ್ಯಾಮೆರಾ ಇಡುವಂತಿಲ್ಲ, ಇಡುವುದು ಉಚಿತವೂ ಅಲ್ಲ. ಆದರೆ ಕೇಂದ್ರದ ಹಂಗೇ ಬೇಕಾಗಿಲ್ಲ. ಗೋರಿಯ ಪಕ್ಕದಲ್ಲಿ ಎಲ್ಲಿಯಾದರೂ ಇಟ್ಟು, ಮಸೂರ ನೇರ ಆಕಾಶಕ್ಕೆ ಮುಖಮಾಡುವಂತೆ, ಫಲಕ ನೆಲಕ್ಕೆ ಸಮಾಂತರವಾಗಿರುವಂತೆ ನೀರ್ಗುಳ್ಳೆಯಿಂದ ಮಟ್ಟಮಾಡಿದರೆ ಸಾಕು: ಬಳೆ ಚಿತ್ರದ ನಡುವಿನಿಂದ ಸರಿದಿದ್ದರೂ ವೃತ್ತವಾಗಿಯೇ ಬರುತ್ತದೆ, ಬಂಡಿಯ ಗಾಲಿಯಂತೆ. ಬೇರೆ ಬೇರೆ ಎತ್ತರದ ಬಳೆಗಳು ಏಕಕೇಂದ್ರವಾಗಿ ಕಾಣಲಾರವು, ಅಷ್ಟನ್ನು ಸಹಿಸಿಕೊಳ್ಳಬೇಕು. ಜಾತ್ರೆಯ ಜನಸಂದಣಿಯನ್ನು ಮಾತ್ರ ಬಿಡಿಚಿತ್ರಗಳ ಜೋಡಣೆಯಿಂದ ಹಿಡಿಯಹೋಗಬಾರದು. ನಡೆಯುತ್ತಿರುವ ಒಬ್ಬನೇ ಭಕ್ತ ಎರಡು ಕಡೆ ಕಾಣಿಸಿಕೊಂಡು ಎಣಿಕೆಯನ್ನು ಹೆಚ್ಚಿಸುತ್ತಾನೆ.

ಭಾಲ್ಕಿಯಂಥ ಮಠಗಳ ಊರಿನಲ್ಲಿ ಹೆಚ್ಚು ತೆಗೆಯಲ್ಪಡುವುದು ಕಟ್ಟಡಗಳಲ್ಲ, ಗುಂಪುಚಿತ್ರಗಳು. ಸಾಲು ನೇರವಾಗಿರಬೇಕೋ ಬಾಗಿರಬೇಕೋ ಎಂಬ ಬಗ್ಗೆ ಛಾಯಾಗ್ರಾಹಕರಲ್ಲಿ ಎರಡು ಮತಗಳುಂಟು. ಎರಡೂ ಸರಿ, ಕ್ಯಾಮೆರಾ ಬೇರೆ ಬೇರೆ. ತಿರುಗುತ್ತ ತೆಗೆಯುವ ಕ್ಯಾಮೆರಾಕ್ಕೆ ಜನರು ಅರ್ಧಚಂದ್ರಾಕಾರವಾಗಿ, ಎಲ್ಲರೂ ಸಮದೂರದಲ್ಲಿ ಕುಳಿತರೆ ಚಿತ್ರದಲ್ಲಿ ಸಾಲು ನೇರವಾಗುತ್ತದೆ. ಸಾಮಾನ್ಯ ವಿಶಾಲಕೋನ ಮಸೂರಕ್ಕೆ ಹಾಗೆ ಕೂರಿಸಿದರೆ ಕೊನೆಯವರು ದಪ್ಪವಾಗುವುದಲ್ಲದೆ ಎತ್ತರವೂ ಆಗುತ್ತಾರೆ. ಅಲ್ಲಿ ನೇರಸಾಲೇ ಮೇಲು. 2019ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಉಪಾಯವೊಂದು ಮುಖಗಳನ್ನು ಗುರುತಿಸಿ ಅವಕ್ಕೆ ಒಂದು ಪ್ರಕ್ಷೇಪವನ್ನೂ ಹಿಂದಿನ ಗೋಡೆಗೆ ಇನ್ನೊಂದನ್ನೂ ಅನ್ವಯಿಸಿ ನಡುವೆ ಬೆಸೆಯುತ್ತದೆ. ಅಂಚಿನಲ್ಲಿ ಕುಳಿತವರ ಮಾನ ಉಳಿಯಿತು. ಅಂಥ ಚಿತ್ರದಿಂದ ಅಳತೆ ತೆಗೆಯುವ ಆಸೆಯನ್ನು ಮಾತ್ರ ಬಿಡಬೇಕು. ಇವೆಲ್ಲಕ್ಕಿಂತ ಮೇಲಾದ ಮದ್ದು ಹತ್ತು ಹೆಜ್ಜೆ ಹಿಂದೆ ಸರಿದು ಉದ್ದನೆಯ ನಾಭಿದೂರದ ಮಸೂರ ಬಳಸುವುದು. ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ನಾಡಿಗೆಲ್ಲ ತಿಳಿದುದು. ಆ ಶಾಲೆಯ ಮುಂಬಾಗಿಲನ್ನು ಎಂಥ ನಿರ್ದುಷ್ಟ ಮಸೂರದಿಂದ ತೆಗೆದಿದ್ದರೂ ಚಿತ್ರ ಅರ್ಧಸತ್ಯವನ್ನೇ ಹೇಳುತ್ತಿತ್ತು. ಅದು ಬೇರೆ ಮಾತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೆಚ್ಚು ಸಂಬಂಧಿಸಿದುದು ಕೊನೆಯಲ್ಲಿ ಬರುತ್ತದೆ. ಮನೆಮಠಗಳಲ್ಲಿರುವ ತಾಳೆಗರಿಗಳನ್ನು ಈಗ ಮೊಬೈಲ್ ಫೋನಿನಿಂದಲೇ ಪ್ರತಿಮಾಡಿಕೊಳ್ಳುವುದು ರೂಢಿ. ಗರಿ ಉದ್ದ, ಕೋಣೆ ಇಕ್ಕಟ್ಟು. ಸಹಜವಾಗಿ ವಿಶಾಲಕೋನದ ಕಣ್ಣನ್ನು ಹತ್ತಿರ ಹಿಡಿಯುತ್ತಾರೆ. ತಿದ್ದದೆ ಉಳಿದ ಪೀಪಾಯಿ ವಕ್ರತೆ ಅಂಚಿನಲ್ಲಿ ನೂರಕ್ಕೆ 3ರಷ್ಟಿದ್ದರೆ ಅಲ್ಲಿಯ ಸ್ಥಳೀಯ ಅಳತೆ ಸುಮಾರು 9ರಷ್ಟು ಕುಗ್ಗಿರುತ್ತದೆ. ಗರಿಯ ತುದಿ ಮುರಿದೆಡೆಯಲ್ಲಿ ಹನ್ನೊಂದು ಅಕ್ಷರ ಹಿಡಿಸುತ್ತಿದ್ದ ತೆರಪು ಹತ್ತೇ ಅಕ್ಷರದ್ದಾಗಿ ತೋರುತ್ತದೆ. ಷಟ್ಪದಿಯಾದರೆ ಮಾತ್ರೆಗಳ ಲೆಕ್ಕ ಸಂಪಾದಕನ ಕೈಹಿಡಿಯುತ್ತದೆ. ವಚನಕ್ಕೆ ಆ ಆಸರೆ ಇಲ್ಲ. ಲುಪ್ತಾಕ್ಷರಗಳ ಸಂಖ್ಯೆಯನ್ನು ಊಹಿಸಲು ಅಲ್ಲಿ ಉಳಿದಿರುವ ಮುಖ್ಯ ಆಧಾರ ತೆರಪಿನ ಅಗಲ.

ಇದಕ್ಕಿಂತ ಅಪಾಯಕರವಾದುದು ಫೋನನ್ನು ಪಕ್ಕಕ್ಕೆ ಒಯ್ಯುತ್ತ ಉದ್ದ ಗರಿಯನ್ನೋ ಶಾಸನದ ಪಟ್ಟಿಕೆಯನ್ನೋ ಒಂದೇ ಬೀಸಿನಲ್ಲಿ ಸೆರೆಹಿಡಿಯುವ ಕ್ರಮ. ಆ ಯಂತ್ರ ತಾನು ನಿಂತಲ್ಲೇ ತಿರುಗುತ್ತಿರುವೆನೆಂದು ಭಾವಿಸಿ ಪಟ್ಟಿಗಳನ್ನು ಬೆಸೆಯುತ್ತದೆ. ಕೈ ಸರಿದಾಗ ಬೆಸುಗೆಯಲ್ಲಿ ಒಂದು ಅಕ್ಷರ ಎರಡು ಬಾರಿ ಬರಬಹುದು, ಒಂದು ಅಕ್ಷರ ನುಂಗಿಹೋಗಬಹುದು. ಬೆಸುಗೆ ನಯವಾಗಿರುವುದರಿಂದ ಗುರುತು ಸಿಗುವುದಿಲ್ಲ. ಲಿಪಿಕಾರನ ಕೈತಪ್ಪೆಂದು ಅಡಿಟಿಪ್ಪಣಿ ಬರೆದುದು ಫೋನಿನ ತಪ್ಪಾಗಿರಬಹುದು. ಅದರ ಬದಲು ಗರಿಗೆ ಸಮಾಂತರವಾಗಿ, ಸಮದೂರದಿಂದ ನಾಲ್ಕಾರು ಬಿಡಿಚಿತ್ರಗಳನ್ನು ತೆಗೆದು, ಪ್ರತಿಯೊಂದರಲ್ಲಿಯೂ ಗರಿಯ ಮಟ್ಟದಲ್ಲಿಯೇ ಒಂದು ಅಳತೆಪಟ್ಟಿ ಕಾಣುವಂತೆ ಇಡಬೇಕು. ಸೋಲಾ ಖಂಬದಂಥ ಉದ್ದ ಗೋಡೆಗೂ ಇದೇ ಉಪಾಯ: ನಿಂತಲ್ಲೇ ತಿರುಗದೆ ಗೋಡೆಯುದ್ದಕ್ಕೂ ನಡೆದು ತೆಗೆಯುವುದು. 1858ರಲ್ಲಿ ವೆಟ್ಸ್‌ಲಾರ್ ಎಂಬ ಊರಿನ ಇಗರ್ಜಿಯನ್ನು ಹತ್ತಿ ಅಳೆಯುವಾಗ ಬೀಳುವುದರಿಂದ ಸ್ವಲ್ಪದರಲ್ಲಿ ಪಾರಾದ ಮೇಡನ್‌ಬಾವರ್ ಎಂಬ ಜರ್ಮನ್ ಶಿಲ್ಪಿ, ಕಟ್ಟಡವನ್ನು ಹತ್ತದೆ ಛಾಯಾಚಿತ್ರಗಳಿಂದಲೇ ಅಳೆಯುವ ಶಾಸ್ತ್ರವನ್ನು ಬೆಳೆಸಿದನು. ಹಲವು ನಿಲುವುಗಳಿಂದ ತೆಗೆದ ಚಿತ್ರಗಳನ್ನು ಕೂಡಿಸಿ ಗೋಡೆಯ ಸಮಪ್ರಮಾಣ ನಕ್ಷೆಯನ್ನು ಪಡೆಯುವ ಇಂದಿನ ಗಣಕವಿಧಾನ ಅದರದೇ ಸಂತಾನ.

ಹೀಗೆ ಜೋಡಿಸಿದ ಚಿತ್ರವನ್ನು ಪ್ರಕಟಿಸುವಾಗ ಮಸೂರದ ನಾಭಿದೂರ, ಕ್ಯಾಮೆರಾ ನಿಂತ ದೂರ ಮತ್ತು ಎತ್ತರ, ಬಳಸಿದ ಪ್ರಕ್ಷೇಪದ ಹೆಸರು ಇಷ್ಟನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಕೊಡಬಹುದು. ಜೋಡಣೆಗೆ ಮುಂಚಿನ ಬಿಡಿಚಿತ್ರಗಳನ್ನು ತಿದ್ದದೆ ಬೇರೆಯಾಗಿ ಕಾಪಿಡತಕ್ಕದ್ದು. ಪ್ರಕ್ಷೇಪ ಬದಲಿಸಿ ಮತ್ತೆ ನೋಡಬೇಕೆನಿಸಿದವರಿಗೆ ಬೇಕಾಗುವುದು ಅವೇ.